ಅಂಟುವಾಳದ ಸಪೋನಿನ್: ತೆಗೆಯುವುದು, ಅಳೆಯುವುದು, ಔಷಧೀಯ ಗುಣವರಿತು ಬಳಸುವುದು

ಅಂಟುವಾಳದ ಕಾಯಿಯಲ್ಲಿ ನೊರೆ ಎಬ್ಬಿಸುವುದೂ, ಚರ್ಮದ ಶಿಲೀಂಧ್ರವನ್ನು ಕೊಲ್ಲುವುದೂ, ಮೀನಿಗೆ ವಿಷವಾಗುವುದೂ ಒಂದೇ ಬಗೆಯ ಅಣುಗಳು: ಸಪೋನಿನ್‌ಗಳು. ಅವು ಯಾವಾಗ ಮದ್ದು, ಯಾವಾಗ ಅಪಾಯ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ದ್ರಾವಣದಲ್ಲಿ ಎಷ್ಟು ಪ್ರಮಾಣದಲ್ಲಿವೆ, ದೇಹದ ಯಾವ ಭಾಗಕ್ಕೆ ತಾಗುತ್ತವೆ. ಹಾಗಾಗಿ ಕಾಯಿಗಳನ್ನು ಎಣಿಸಿ ಹಾಕಿ ಕುದಿಸುವ ಅಳತೆಯನ್ನು ನಂಬುವಂತಿಲ್ಲ. ಜಾತಿ, ಕಾಯಿ ಬಲಿತ ಹಂತ, ಒಣಗಿಸಿದ ರೀತಿ ಬದಲಾದಂತೆಲ್ಲ ಒಳಗಿನ ಸಪೋನಿನ್ ಕೂಡ ಏರಿಳಿಯುತ್ತದೆ. ತೂಗಿ, ಅಳೆದು, ಆಮೇಲೆ ಬಳಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ. ಮೊದಲ ಅರ್ಧಕ್ಕೆ ತಕ್ಕಡಿ, ಸ್ಟೀಲ್ ಪಾತ್ರೆ, ಕೆಲವು ಪರೀಕ್ಷಾ ನಳಿಕೆಗಳಿದ್ದರೆ ಸಾಕು. ಬೇರ್ಪಡಿಸಿ ಶುದ್ಧೀಕರಿಸುವ ಭಾಗಕ್ಕೆ ಮಾತ್ರ ರಸಾಯನ ಪ್ರಯೋಗಾಲಯ ಬೇಕೇ ಬೇಕು.

ಯಾವ ಮರ, ಯಾವ ಭಾಗ

ಅಂಟುವಾಳ ಸ್ಯಾಪಿಂಡಸ್ ಕುಲದ ಮರ. ಲಿಚಿ, ರಾಂಬುಟಾನ್‌ಗಳು ಸೇರಿರುವ ಸ್ಯಾಪಿಂಡೇಸಿ ಕುಟುಂಬವೇ ಇದರದ್ದೂ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಸ್ಯಾಪಿಂಡಸ್ ಟ್ರೈಫೋಲಿಯೇಟಸ್. ಹಿಮಾಲಯದ ತಪ್ಪಲಿನಿಂದ ಚೀನಾದವರೆಗೆ ಸ್ಯಾಪಿಂಡಸ್ ಮುಕೊರೊಸ್ಸಿ, ಆಗ್ನೇಯ ಏಷ್ಯಾದಲ್ಲಿ ಸ್ಯಾಪಿಂಡಸ್ ರರಾಕ್, ಅಮೆರಿಕ ಖಂಡಗಳ ಉಷ್ಣವಲಯದಲ್ಲಿ ಸ್ಯಾಪಿಂಡಸ್ ಸಪೊನೇರಿಯಾ ಬೆಳೆಯುತ್ತವೆ.

ಮೊದಲ ಎರಡನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಟ್ರೈಫೋಲಿಯೇಟಸ್‌ನ ಎಲೆಯಲ್ಲಿ ಎರಡು ಮೂರು ಜೊತೆ ಕಿರುಎಲೆಗಳಷ್ಟೇ ಇರುತ್ತವೆ. ಕಾಯಿಗಳು ಎರಡು ಮೂರು ಒಟ್ಟಿಗೆ ಅಂಟಿಕೊಂಡು ಬೆಳೆಯುತ್ತವೆ, ಎಳೆಯದಾಗಿದ್ದಾಗ ಮೈಮೇಲೆ ತುಕ್ಕಿನ ಬಣ್ಣದ ರೋಮವಿರುತ್ತದೆ. ಒಣಗಿದ ಮೇಲೂ ಪ್ರತಿ ಕಾಯಿಯ ಬದಿಯಲ್ಲಿ ಇನ್ನೊಂದಕ್ಕೆ ಅಂಟಿಕೊಂಡಿದ್ದ ಚಪ್ಪಟೆ ಗುರುತು ಉಳಿಯುತ್ತದೆ. ಮುಕೊರೊಸ್ಸಿಯಲ್ಲಿ ಕಿರುಎಲೆಗಳ ಜೊತೆಗಳು ಹೆಚ್ಚು, ಕಾಯಿ ಸಾಮಾನ್ಯವಾಗಿ ಒಂಟಿ, ಹೆಚ್ಚು ದುಂಡಗೆ, ನುಣುಪು. ಎರಡನ್ನೂ ಬೆರೆಸಿದ ಮೂಟೆಯಿಂದ ಮಾಡಿದ ಕಷಾಯ ಪ್ರತಿ ಸಲ ಒಂದೊಂದು ಥರ ಬರುತ್ತದೆ. ಅಳತೆಯ ಕೆಲಸಕ್ಕೆ ಇಳಿಯುವವರು ಒಂದೇ ಜಾತಿಯ ಕಾಯಿ ಆರಿಸಿಕೊಳ್ಳಿ.

ಬೇಕಾದದ್ದು ಹೊರಗಿನ ತಿರುಳುಳ್ಳ ಸಿಪ್ಪೆ ಮಾತ್ರ. ಒಳಗಿನ ಕಪ್ಪು ಗಟ್ಟಿ ಬೀಜ ನೊರೆಗೆ ಏನೂ ಕೊಡುವುದಿಲ್ಲ, ತೂಕವನ್ನಷ್ಟೇ ಹೆಚ್ಚಿಸುತ್ತದೆ. ಬೀಜದ ಒಳತಿರುಳಿನಲ್ಲಿ ಎಣ್ಣೆಯಿದೆ. ಅದರಲ್ಲಿ ಓಲಿಕ್ ಆಮ್ಲದ ಜೊತೆಗೆ ಸಾಮಾನ್ಯ ಅಡುಗೆ ಎಣ್ಣೆಗಳಲ್ಲಿ ಅಪರೂಪವಾದ ಐಕೊಸೆನೋಯಿಕ್ ಆಮ್ಲವೂ ಗಣನೀಯ ಪ್ರಮಾಣದಲ್ಲಿರುತ್ತದೆ. ಈ ಕುಟುಂಬದ ಬೀಜದೆಣ್ಣೆಗಳಲ್ಲಿ ಸಯನೋಲಿಪಿಡ್‌ಗಳೆಂಬ ಸಯನೈಡ್ ಗುಂಪಿನ ಮೇದಸ್ಸುಗಳು ಕಾಣಿಸಿಕೊಳ್ಳುವುದರಿಂದ ಆ ಎಣ್ಣೆಯನ್ನು ತಿನ್ನಲು ಬಳಸುವ ಯೋಚನೆ ಬೇಡ.

ಸಿಪ್ಪೆಯೊಳಗಿನ ರಸಾಯನ

ಇಲ್ಲಿನ ಮುಖ್ಯ ಸಪೋನಿನ್‌ಗಳು ಟ್ರೈಟರ್ಪಿನಾಯ್ಡ್ ವರ್ಗದವು. ಪ್ರತಿ ಅಣುವಿನಲ್ಲಿ ಎರಡು ಭಾಗ. ಒಂದು ಭಾಗ ಹೆಡೆರಜೆನಿನ್: ಐದು ಉಂಗುರಗಳ, 30 ಇಂಗಾಲದ ಚೌಕಟ್ಟು, ನೀರಿಗೆ ಒಗ್ಗದ ಕೊಬ್ಬಿನ ಸ್ವಭಾವ. ಇನ್ನೊಂದು ಭಾಗ ಸಕ್ಕರೆಗಳ ಸರಪಳಿ, ನೀರನ್ನು ಹಿಡಿದುಕೊಳ್ಳುವಂಥದ್ದು. ಹೆಡೆರಜೆನಿನ್‌ನ ಮೂರನೆಯ ಇಂಗಾಲಕ್ಕೆ ಅರಾಬಿನೋಸ್, ಅದಕ್ಕೆ ರ‍್ಹಾಮ್ನೋಸ್ ಸೇರಿದರೆ ಸ್ಯಾಪಿಂಡೋಸೈಡ್ ಎ. ಅದರ ಮೇಲೆ ಒಂದು ಕ್ಸೈಲೋಸ್ ಕೂಡಿದರೆ ಸ್ಯಾಪಿಂಡೋಸೈಡ್ ಬಿ. ಸಕ್ಕರೆಗಳಿಗೆ ಅಸಿಟೈಲ್ ಗುಂಪು ಅಂಟಿಕೊಂಡ ರೂಪಗಳೂ ಇವೆ. 28ನೆಯ ಇಂಗಾಲದಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪಿಗೆ ಈ ಅಣುಗಳಲ್ಲಿ ಸಕ್ಕರೆ ಸೇರದೆ ಅದು ಬಿಡಿಯಾಗಿಯೇ ಉಳಿದಿರುತ್ತದೆ. ಒಂದೇ ಕಡೆ ಸಕ್ಕರೆ ಸರಪಳಿಯಿರುವ ಇಂಥ ಸಪೋನಿನ್‌ಗಳು ಎರಡು ಕಡೆ ಸರಪಳಿಯಿರುವವುಗಳಿಗಿಂತ ಸಾಮಾನ್ಯವಾಗಿ ಜೀವಕೋಶದ ಪೊರೆಯನ್ನು ಹೆಚ್ಚು ತೀವ್ರವಾಗಿ ಕೆಡಿಸುತ್ತವೆ. ಮುಂದೆ ಹೇಳುವ ಔಷಧೀಯ ಗುಣಗಳಲ್ಲಿ ಹೆಚ್ಚಿನವು, ಜೊತೆಗೆ ಎಚ್ಚರಿಕೆಗಳು ಕೂಡ, ಈ ಒಂದು ರಚನೆಯಿಂದಲೇ ಹುಟ್ಟುತ್ತವೆ.

ಪೊರೆ ಕೆಡುವ ಬಗೆ ಹೀಗೆ. ಪ್ರಾಣಿ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ, ಶಿಲೀಂಧ್ರದ ಪೊರೆಯಲ್ಲಿ ಅದರ ಸೋದರ ಎರ್ಗೋಸ್ಟೆರಾಲ್ ಇದೆ. ಹೆಡೆರಜೆನಿನ್ ಭಾಗ ಈ ಸ್ಟೆರಾಲ್‌ಗಳ ಜೊತೆ ಕೂಡಿಕೊಂಡು ಪೊರೆಯೊಳಗೆ ನುಗ್ಗುತ್ತದೆ, ಸಕ್ಕರೆ ಭಾಗ ಹೊರಗೆ ನೀರಿನತ್ತ ಚಾಚಿಕೊಳ್ಳುತ್ತದೆ. ಸಾಕಷ್ಟು ಅಣುಗಳು ಸೇರಿದಾಗ ಪೊರೆ ತೂತಾಗಿ ಒಳಗಿನದ್ದು ಸೋರಿಹೋಗುತ್ತದೆ. ಕೆಂಪು ರಕ್ತಕಣದಲ್ಲಿ ಇದು ನಡೆದರೆ ಹೀಮೋಗ್ಲೋಬಿನ್ ಹೊರಬಂದು ದ್ರಾವಣ ಕೆಂಪಾಗುತ್ತದೆ.

ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರ್. ಅಂಟುವಾಳದ ಸಪೋನಿನ್ ಸೇರಿದರೆ ಅದು ನಲವತ್ತರಿಂದ ಐವತ್ತರ ಆಸುಪಾಸಿಗೆ ಇಳಿಯುತ್ತದೆ. ನೊರೆ ಬರುವುದೂ ಜಿಡ್ಡು ಬಿಡುವುದೂ ಇದರಿಂದಲೇ. ಸಿಪ್ಪೆಯಲ್ಲಿ ಸಪೋನಿನ್ ಅಲ್ಲದೆ ಬಿಡಿ ಸಕ್ಕರೆಗಳು, ಪೆಕ್ಟಿನ್‌ನಂಥ ಲೋಳೆ, ಟ್ಯಾನಿನ್, ಸಾವಯವ ಆಮ್ಲಗಳೂ ಇವೆ. ಕಷಾಯದ ಪಿಎಚ್ ಸಾಮಾನ್ಯವಾಗಿ 4ರಿಂದ 5ರ ನಡುವೆ ಇರುವುದು ಆ ಆಮ್ಲಗಳಿಂದ. ಮುಕೊರೊಸ್ಸಿಯ ಸಿಪ್ಪೆಯಲ್ಲಿ ಮುಕುರೋಜಿಯೊಸೈಡ್‌ಗಳೆಂಬ ಬೇರೊಂದು ಗುಂಪಿದೆ. ಅವುಗಳ ಚೌಕಟ್ಟು ಉಂಗುರವಿಲ್ಲದ 15 ಇಂಗಾಲದ ಸೆಸ್ಕ್ವಿಟರ್ಪೀನ್.

ಒಣಗಿಸಿ ಪುಡಿ ಮಾಡುವುದು

ಹಸಿ ಹಣ್ಣು ಅಂಟಂಟಾಗಿದ್ದು ಬೀಜ ಬಿಡಿಸಲು ಬರುವುದಿಲ್ಲ. ಪೂರ್ತಿ ಬಲಿತು ಹಳದಿ ಕಂದಾದ ಹಣ್ಣನ್ನು ಒಂದೇ ಪದರವಾಗಿ ಹರಡಿ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ಆಮೇಲೆ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಮತ್ತೆ 50ರಿಂದ 60 ಡಿಗ್ರಿಯಲ್ಲಿ ಇಡಿ. ಸಿಪ್ಪೆ ಬಗ್ಗದೆ ಚಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಒಳ್ಳೆಯ ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಕೆಂಪು ಕಂದು ಬಣ್ಣದಲ್ಲಿ ಅರೆಪಾರದರ್ಶಕವಾಗಿ ಕಾಣುತ್ತದೆ. ಒಳಭಾಗದಲ್ಲಿ ಬಿಳಿ ಬೂದು ಪುಡಿ ಅಥವಾ ಮುಗ್ಗಲು ವಾಸನೆ ಇದ್ದರೆ ಬೂಷ್ಟು ಹಿಡಿದಿದೆ, ಎಸೆಯಿರಿ. ಬೂಷ್ಟಿನ ಕಿಣ್ವಗಳು ಸಕ್ಕರೆ ಸರಪಳಿಯನ್ನು ಕಡಿದುಹಾಕಬಲ್ಲವು. ಸರಪಳಿ ಹೋದ ಹೆಡೆರಜೆನಿನ್ ನೀರಿನಲ್ಲಿ ಕರಗುವುದಿಲ್ಲ, ನೊರೆಯನ್ನೂ ಕೊಡುವುದಿಲ್ಲ.

ಪುಡಿ ಮಾಡುವಾಗ ಮೂಗು ಬಾಯಿಗೆ ಮುಖಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಇದನ್ನು ಒತ್ತಿ ಹೇಳುತ್ತಿದ್ದೇವೆ. ಸಿಪ್ಪೆಯ ದೂಳು ಮೂಗಿನ ಒಳಪೊರೆಗೆ ತಾಗಿದ ಕೂಡಲೇ ಉರಿ, ಬಿಡದ ಸೀನು ಶುರುವಾಗುತ್ತದೆ. ಉಬ್ಬಸ ಇರುವವರು ಈ ಕೆಲಸಕ್ಕೆ ಕೂರಲೇಬಾರದು. ಮಿಕ್ಸರ್‌ನಲ್ಲಿ ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಸಿಪ್ಪೆ ಮೆತ್ತಗಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಐದಾರು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಮುಚ್ಚಳ ತೆಗೆಯುವ ಮುನ್ನ ಕೆಲವು ನಿಮಿಷ ದೂಳು ಕೂರಲು ಬಿಡಿ. ತೀರಾ ನಯವಾದ ಪುಡಿ ಬೇಡ, ರವೆಯಷ್ಟು ತರಿ ಸಾಕು, ಇಲ್ಲದಿದ್ದರೆ ಮುಂದೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ಪುಡಿ ಗಾಳಿಯ ತೇವವನ್ನು ಬೇಗ ಹೀರಿಕೊಂಡು ಗಟ್ಟಿಯಾಗುವುದರಿಂದ ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಡಿ.

ನೀರಿನ ಕಷಾಯ

ಒಣ ಸಿಪ್ಪೆಯ ತರಿ 50 ಗ್ರಾಂ, ನೀರು 500 ಮಿಲಿ. ಅಂದರೆ ಒಂದಕ್ಕೆ ಹತ್ತು. ಪಾತ್ರೆ ಸ್ಟೀಲ್ ಅಥವಾ ಗಾಜಿನದ್ದಾಗಿರಲಿ. ಕಬ್ಬಿಣದ ಪಾತ್ರೆಯಲ್ಲಿ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಷಾಯ ಮಸಿಯಂತಾಗುತ್ತದೆ. ಅಲ್ಯೂಮಿನಿಯಂ ಆಮ್ಲಕ್ಕೆ ಕರಗುತ್ತದೆ. ಪಾತ್ರೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ.

ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಸಣ್ಣ ಉರಿಯಲ್ಲಿ, ಅಂಚಿನಲ್ಲಿ ಮಾತ್ರ ಗುಳ್ಳೆ ಏಳುವಂತೆ, 20 ನಿಮಿಷ ಕಾಯಿಸಿ. ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿದರೆ ಎರಡು ತೊಂದರೆ. ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ, ಚೆಲ್ಲಿದ ನೊರೆಯಲ್ಲೇ ಸಪೋನಿನ್ ಹೆಚ್ಚು ಸೇರಿಕೊಂಡಿರುತ್ತದೆ. ಜೊತೆಗೆ ಪೆಕ್ಟಿನ್ ಹೆಚ್ಚಾಗಿ ಬಿಟ್ಟುಕೊಂಡು ಕಷಾಯ ಲೋಳೆಯಾಗುತ್ತದೆ. ಮಂದವಾದ ಕಷಾಯವನ್ನು ಶಕ್ತಿಯುತ ಎಂದು ತಿಳಿಯುವವರು ಬಹಳ ಜನ. ಆ ಮಂದ ಲೋಳೆಯದ್ದು, ಸಪೋನಿನ್‌ನದ್ದಲ್ಲ.

ಆರಿದ ಮೇಲೆ ಎರಡು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ ಹಿಂಡಿ. ಉಳಿದ ಚರಟಕ್ಕೆ 200 ಮಿಲಿ ಬಿಸಿನೀರು ಹಾಕಿ ಇನ್ನೊಮ್ಮೆ ಹಿಂಡಿದರೆ ಬಿಟ್ಟುಹೋದದ್ದೂ ಬಹುಪಾಲು ಬರುತ್ತದೆ. ಎರಡನ್ನೂ ಕೂಡಿಸಿ ಫ್ರಿಜ್‌ನಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ.

ಸಿಪ್ಪೆಯ ಸಪೋನಿನ್ ತೂಕದ ಶೇ 10 ಎಂದು ಹಿಡಿದರೆ, 50 ಗ್ರಾಂನಲ್ಲಿ 5 ಗ್ರಾಂ. ಎಲ್ಲವೂ ಬಿಟ್ಟುಕೊಂಡು ಕೊನೆಗೆ 600 ಮಿಲಿ ಕಷಾಯ ಸಿಕ್ಕರೆ ಅದರ ಸಾಂದ್ರತೆ ಶೇ 0.8ರ ಹತ್ತಿರ. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಈ ಕಷಾಯ ಬೇಗ ಹಳಸುತ್ತದೆ. ಅದರಲ್ಲಿರುವ ಬಿಡಿ ಸಕ್ಕರೆ ಯೀಸ್ಟ್‌ಗೆ ಊಟ. ಹೊರಗಿಟ್ಟರೆ ಎರಡು ದಿನದೊಳಗೆ ಹುಳಿ ವಾಸನೆ ಬರುತ್ತದೆ, ಬಿಗಿ ಮುಚ್ಚಿದ ಸೀಸೆ ಅನಿಲದ ಒತ್ತಡಕ್ಕೆ ಸಿಡಿಯಲೂಬಹುದು. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಹೆಚ್ಚು ಕಾಲ ಬೇಕಿದ್ದರೆ ಮಂಜುಗಡ್ಡೆಯ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ. ಸಂರಕ್ಷಕ ಸೇರಿಸುವುದಾದರೆ ಪಿಎಚ್ 4.5ಕ್ಕೆ ತಂದು ಪೊಟ್ಯಾಸಿಯಂ ಸಾರ್ಬೇಟ್ ಶೇ 0.2, ಅಂದರೆ ಲೀಟರಿಗೆ 2 ಗ್ರಾಂ ಹಾಕಿ. ಪಿಎಚ್ ಏರಿದಂತೆ ಸಾರ್ಬೇಟ್‌ನ ಶಕ್ತಿ ಕುಂದುತ್ತದೆ. ನಿಂಬೆರಸ ಅಥವಾ ಸಿಟ್ರಿಕ್ ಆಮ್ಲವೊಂದನ್ನೇ ಹಾಕಿ ಸಂರಕ್ಷಕ ಹಾಕಿದೆವೆಂದು ಕೂರಬೇಡಿ, ಯೀಸ್ಟ್ ಆಮ್ಲಕ್ಕೆ ಹೆದರುವುದಿಲ್ಲ.

ನೊರೆ ಸೂಚ್ಯಂಕ: ಎಲ್ಲಕ್ಕಿಂತ ಉಪಯುಕ್ತ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯ ಮೂಲಿಕೆ ಪರೀಕ್ಷಾ ಕ್ರಮದಲ್ಲಿರುವ ಈ ವಿಧಾನಕ್ಕೆ ದುಬಾರಿ ಉಪಕರಣ ಬೇಡ. ಕೈ ಒಮ್ಮೆ ಪಳಗಿದರೆ ಪ್ರತಿ ಮೂಟೆಯ ಕಾಯಿಗೂ ಮಾಡಬಹುದು.

1. ಸಿಪ್ಪೆಯ ತರಿ 1 ಗ್ರಾಂ ನಿಖರವಾಗಿ ತೂಗಿ, 500 ಮಿಲಿ ಶಂಕು ಪಾತ್ರೆಯಲ್ಲಿ ಕುದಿಯುವ 100 ಮಿಲಿ ನೀರಿಗೆ ಹಾಕಿ. 30 ನಿಮಿಷ ಹದವಾಗಿ ಕುದಿಯಲಿ.
2. ಆರಿಸಿ, ಸೋಸಿ, ಕಡಿಮೆಯಾದಷ್ಟು ನೀರು ಸೇರಿಸಿ ಸರಿಯಾಗಿ 100 ಮಿಲಿ ಮಾಡಿ.
3. ಮುಚ್ಚಳವಿರುವ, 16 ಸೆಂ.ಮೀ. ಎತ್ತರ, 16 ಮಿ.ಮೀ. ವ್ಯಾಸದ ಹತ್ತು ನಳಿಕೆಗಳಿಗೆ ಕ್ರಮವಾಗಿ 1, 2, 3 ಹೀಗೆ 10 ಮಿಲಿವರೆಗೆ ಕಷಾಯ ಹಾಕಿ, ಪ್ರತಿಯೊಂದನ್ನೂ ನೀರಿನಿಂದ 10 ಮಿಲಿಗೆ ತುಂಬಿಸಿ.
4. ಮುಚ್ಚಳ ಹಾಕಿ ಉದ್ದುದ್ದಕ್ಕೆ 15 ಸೆಕೆಂಡು ಅಲುಗಾಡಿಸಿ, ಸೆಕೆಂಡಿಗೆ ಎರಡು ಸಲ.
5. 15 ನಿಮಿಷ ನಿಲ್ಲಿಸಿ ನೊರೆಯ ಎತ್ತರ ಅಳೆಯಿರಿ. ಯಾವ ನಳಿಕೆಯಲ್ಲಿ ಸರಿಯಾಗಿ 1 ಸೆಂ.ಮೀ. ಇದೆಯೋ ಅದರಲ್ಲಿದ್ದ ಕಷಾಯದ ಮಿಲಿಯಿಂದ 1000ವನ್ನು ಭಾಗಿಸಿದರೆ ನೊರೆ ಸೂಚ್ಯಂಕ.

ಅಂಟುವಾಳಕ್ಕೆ ಇದನ್ನು ಹಾಗೆಯೇ ಮಾಡಿದರೆ ಸಾಮಾನ್ಯವಾಗಿ ಹತ್ತೂ ನಳಿಕೆಗಳಲ್ಲಿ ನೊರೆ 1 ಸೆಂ.ಮೀ. ಮೀರುತ್ತದೆ, ಅಂದರೆ ಸೂಚ್ಯಂಕ 1000ಕ್ಕಿಂತ ಹೆಚ್ಚು ಎಂದಷ್ಟೇ ತಿಳಿಯುತ್ತದೆ. ಹಾಗಾಗಿ ಎರಡನೆಯ ಹಂತದ ಕಷಾಯವನ್ನು ಮೊದಲೇ ಹತ್ತು ಪಟ್ಟು ತೆಳು ಮಾಡಿಕೊಳ್ಳಿ. ತೆಳು ಮಾಡಿದ ಕಷಾಯ 4 ಮಿಲಿ ಇರುವ ನಳಿಕೆಯಲ್ಲಿ 1 ಸೆಂ.ಮೀ. ನೊರೆ ನಿಂತರೆ, ಮೂಲ ಕಷಾಯದ ಲೆಕ್ಕದಲ್ಲಿ ಅದು 0.4 ಮಿಲಿ. 1000 ಭಾಗಿಸು 0.4, ಸೂಚ್ಯಂಕ 2500. ಮೊದಲ ಅಥವಾ ಎರಡನೆಯ ನಳಿಕೆಯಲ್ಲೇ ಒಂದು ಸೆಂ.ಮೀ. ಸಿಕ್ಕರೆ ಫಲಿತಾಂಶ ಒರಟು, ಇನ್ನೂ ತೆಳು ಮಾಡಿ ಮತ್ತೆ ಮಾಡಿ.

ಇದರ ಉಪಯೋಗ ನೋಡಿ. ಒಂದು ಮೂಟೆಯ ಸೂಚ್ಯಂಕ 2500, ಇನ್ನೊಂದರದ್ದು 1600 ಎನ್ನೋಣ. ಮೊದಲನೆಯದರ ಒಂದು ಲೀಟರ್ ಕಷಾಯಕ್ಕೆ ಇನ್ನೂ 560 ಮಿಲಿ ನೀರು ಸೇರಿಸಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಬಲಕ್ಕೆ ಬರುತ್ತವೆ. ಕಾಯಿ ಎಣಿಸಿ ಹಾಕುವವರಿಗೆ ಈ ಒಂದೂವರೆ ಪಟ್ಟಿನ ವ್ಯತ್ಯಾಸ ಕಾಣುವುದೇ ಇಲ್ಲ. ಅದು ಗೊತ್ತಾಗುವುದು ನೆತ್ತಿಯ ಚರ್ಮ ಉರಿದಾಗ.

ತಪ್ಪುವುದು ಎಲ್ಲೆಲ್ಲಿ? ನಳಿಕೆಯಲ್ಲಿ ಪಾತ್ರೆ ತೊಳೆದ ಡಿಟರ್ಜೆಂಟ್‌ನ ಪಸೆ ಉಳಿದಿದ್ದರೆ ಸೂಚ್ಯಂಕ ಸುಳ್ಳಾಗಿ ಏರುತ್ತದೆ. ಎಣ್ಣೆಯ ಪಸೆ ಇದ್ದರೆ ನೊರೆ ಒಡೆದು ಇಳಿಯುತ್ತದೆ. ಕಷಾಯ ಬಿಸಿಯಿದ್ದಾಗಲೇ ಅಲುಗಾಡಿಸಿದರೂ ನೊರೆ ನಿಲ್ಲುವುದಿಲ್ಲ. ಇನ್ನೊಂದು ಮಾತು, ನೊರೆಯ ಎತ್ತರ ಜಿಡ್ಡು ತೆಗೆಯುವ ಶಕ್ತಿಯ ಅಳತೆಯಲ್ಲ. ಒಂದೇ ಜಾತಿಯ ಸಿಪ್ಪೆಗಳನ್ನು ಪರಸ್ಪರ ಹೋಲಿಸಲು ಮಾತ್ರ ಅದನ್ನು ನೆಚ್ಚಿಕೊಳ್ಳಬಹುದು.

ಅಂಟುವಾಳದ ದ್ರವ ಎಂದು ಬಂದಿರುವುದಕ್ಕೆ ಸಾಬೂನು ಬೆರೆಸಿದ್ದಾರೆಯೇ ಎಂದು ನೋಡಲು, ನೊರೆಗೆ ಕೆಲವು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಹಾಕಿ. ಸಪೋನಿನ್‌ನ ನೊರೆ ನಿಲ್ಲುತ್ತದೆ, ಸಾಬೂನಿನದ್ದು ಒಡೆದು ಬಿಳಿ ಕದಡಾಗುತ್ತದೆ. ಕೃತಕ ಡಿಟರ್ಜೆಂಟ್ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ಮುಂದೆ ಹೇಳುವ ತೆಳುಪದರ ವಿಧಾನ ಬೇಕು.

ಪ್ರಯೋಗಾಲಯದಲ್ಲಿ ಬೇರ್ಪಡಿಸುವುದು

ಇಲ್ಲಿ ಬಳಸುವ ದ್ರಾವಕಗಳಲ್ಲಿ ಬಹುಪಾಲು ಬೆಂಕಿ ಹಿಡಿಯುವಂಥವು. ಹೊಗೆಗೂಡು (ಆವಿಯನ್ನು ಹೊರಗೆಳೆಯುವ ಗೂಡು), ಕೈಗವಸು ಇಲ್ಲದ ಕಡೆ ಮಾಡಬೇಡಿ.

ಸಿಪ್ಪೆಯ ಪುಡಿ 100 ಗ್ರಾಂ ತೆಗೆದುಕೊಂಡು ಮೊದಲು ಹೆಕ್ಸೇನ್‌ನಲ್ಲಿ ತೊಳೆದು ಕೊಬ್ಬು, ಮೇಣ, ಬಣ್ಣ ತೆಗೆಯಿರಿ. ಪುಡಿಯನ್ನು ಗಾಳಿಯಲ್ಲಿ ಆರಿಸಿ, ಶೇ 80ರ ಎಥನಾಲ್ 500 ಮಿಲಿಯಲ್ಲಿ 50 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಲಕಿ ಸೋಸಿ. ಹೀಗೆ ಮೂರು ಸಲ. ಬರೀ ನೀರಿನ ಬದಲು ಆಲ್ಕೊಹಾಲ್ ಏಕೆಂದರೆ ಅದರಲ್ಲಿ ಪೆಕ್ಟಿನ್ ಕರಗದೆ ಚರಟದಲ್ಲೇ ಉಳಿಯುತ್ತದೆ.

ಸೋಸಿದ್ದನ್ನು ಕಡಿಮೆ ಒತ್ತಡದಲ್ಲಿ ಬತ್ತಿಸುವಾಗಲೇ ಹೊಸಬರು ಸೋಲುವುದು. ಆಲ್ಕೊಹಾಲ್ ಹೋಗಿ ನೀರು ಉಳಿದ ಕ್ಷಣದಿಂದ ನೊರೆ ಎದ್ದು ಇಡೀ ದ್ರಾವಣ ಉಪಕರಣದ ಕೊಳವೆಗೆ ಏರಿಬಿಡುತ್ತದೆ. ಬುರುಡೆಯನ್ನು ಕಾಲು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ. ನಿರ್ವಾತವನ್ನು ನಿಧಾನವಾಗಿ ಹೆಚ್ಚಿಸಿ. ನಡುವೆ ನೊರೆ ತಡೆಯುವ ಬುರುಡೆ ಜೋಡಿಸಿ, ಆಗಾಗ ಸ್ವಲ್ಪ ಬ್ಯೂಟನಾಲ್ ಸೇರಿಸಿದರೆ ನೊರೆ ತಗ್ಗುತ್ತದೆ.

ಬತ್ತಿದ ಪಾಕವನ್ನು 200 ಮಿಲಿ ನೀರಿನಲ್ಲಿ ಕರಗಿಸಿ, ಬೇರ್ಪಡಿಕೆ ಆಲಿಕೆಯಲ್ಲಿ ಈಥೈಲ್ ಅಸಿಟೇಟ್ ಹಾಕಿ ಎರಡು ಸಲ ತೊಳೆಯಿರಿ. ಕಡಿಮೆ ಧ್ರುವೀಯ ಫೀನಾಲ್‌ಗಳು ಅದರೊಡನೆ ಹೋಗುತ್ತವೆ. ಆಮೇಲೆ ನೀರಿನಿಂದ ತೃಪ್ತಗೊಳಿಸಿದ ಎನ್-ಬ್ಯೂಟನಾಲ್ 100 ಮಿಲಿಯಂತೆ ಮೂರು ಸಲ ಹಾಕಿ. ಸಪೋನಿನ್ ಬ್ಯೂಟನಾಲ್‌ಗೆ ಬರುತ್ತದೆ, ಬಿಡಿ ಸಕ್ಕರೆ ನೀರಿನಲ್ಲೇ ಉಳಿಯುತ್ತದೆ. ಆಲಿಕೆಯನ್ನು ಜೋರಾಗಿ ಅಲುಗಾಡಿಸಿದರೆ ಎರಡು ಪದರಗಳ ನಡುವೆ ಹಾಲಿನಂಥ ಕದಡು ನಿಂತು ಗಂಟೆಗಟ್ಟಲೆ ಬಿಡುವುದಿಲ್ಲ. ತಲೆಕೆಳಗು ಮಾಡಿ ಮಾಡಿ ಮೆಲ್ಲಗೆ ಬೆರೆಸಿ. ಆದರೂ ಕದಡಿದರೆ ಸ್ವಲ್ಪ ಅಡುಗೆ ಉಪ್ಪು ಹಾಕಿ ಕಾಯಿರಿ, ಅಥವಾ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ.

ಬ್ಯೂಟನಾಲ್ ಬತ್ತಿಸಿ, ಉಳಿದದ್ದನ್ನು ಅತಿ ಕಡಿಮೆ ಮೆಥನಾಲ್‌ನಲ್ಲಿ ಕರಗಿಸಿ, ಹತ್ತು ಪಟ್ಟು ತಣ್ಣನೆಯ ಅಸಿಟೋನ್‌ಗೆ ಕಲಕುತ್ತಾ ಹನಿಹನಿಯಾಗಿ ಬಿಡಿ. ತಿಳಿ ಕಂದು ಒತ್ತರ, ಅಂದರೆ ಕರಗದೆ ತಳಕ್ಕಿಳಿಯುವ ಪುಡಿ, ಬೀಳುತ್ತದೆ. ಸೋಸಿ ಕೂಡಲೇ ತೇವಹಾರಿ ಪೆಟ್ಟಿಗೆಯಲ್ಲಿಡಿ. ತೆರೆದ ತಟ್ಟೆಯಲ್ಲಿ ಬಿಟ್ಟರೆ ನೋಡನೋಡುತ್ತಲೇ ಅಂಟಾಗಿ ತಳ ಹಿಡಿಯುತ್ತದೆ, ತಕ್ಕಡಿಯ ಅಂಕಿ ಏರುತ್ತಲೇ ಹೋಗುತ್ತದೆ. ಇದು ಇನ್ನೂ ಕಚ್ಚಾ ಸಪೋನಿನ್, ಹಲವು ಸ್ಯಾಪಿಂಡೋಸೈಡ್‌ಗಳ ಬೆರಕೆ. ಒಂದೊಂದನ್ನೇ ತೆಗೆಯಲು ಸಿಲಿಕಾ ಕಂಬದ ಕ್ರೊಮ್ಯಾಟೊಗ್ರಫಿ ಬೇಕು.

ಗುರುತು, ಶೇಕಡಾವಾರು

ತೆಳುಪದರ ಕ್ರೊಮ್ಯಾಟೊಗ್ರಫಿಗೆ ಸಿಲಿಕಾ ತಟ್ಟೆ. ಕ್ಲೋರೊಫಾರ್ಮ್, ಮೆಥನಾಲ್, ನೀರನ್ನು 65:35:10ರಲ್ಲಿ ಬೆರೆಸಿ, ನಿಲ್ಲಿಸಿ, ಕೆಳಗಿನ ಪದರವನ್ನು ಓಡುವ ದ್ರಾವಕವಾಗಿ ಬಳಸಿ. ಅನಿಸಾಲ್ಡಿಹೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದ ದ್ರಾವಣ ಸಿಂಪಡಿಸಿ 105 ಡಿಗ್ರಿಯಲ್ಲಿ ಕೆಲವು ನಿಮಿಷ ಕಾಯಿಸಿದರೆ ಸಪೋನಿನ್‌ಗಳು ನೇರಳೆ ಚುಕ್ಕೆಗಳಾಗಿ ಏಳುತ್ತವೆ. ಸಕ್ಕರೆ ಹೆಚ್ಚಿದ್ದಷ್ಟೂ ಚುಕ್ಕೆ ತಳಕ್ಕೆ ಹತ್ತಿರ. ಲೀಬರ್‌ಮನ್ ಬುರ್ಕಾರ್ಡ್ ಪರೀಕ್ಷೆಯಲ್ಲಿ, ಒಣ ಮಾದರಿಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಗೋಡೆಗುಂಟ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಇಳಿಸಿದಾಗ ಕೆಂಪು ನೇರಳೆ ಉಂಗುರ ಬಂದರೆ ಟ್ರೈಟರ್ಪಿನಾಯ್ಡ್, ನೀಲಿ ಹಸಿರು ಬಂದರೆ ಸ್ಟೀರಾಯ್ಡ್. ಮಾದರಿಯಲ್ಲಿ ನೀರಿದ್ದರೆ ಇದು ಕೆಡುತ್ತದೆ, ಬಿಸಿ ಚಿಮ್ಮುವ ಅಪಾಯವೂ ಇದೆ.

ಪ್ರಮಾಣ ಅಳೆಯಲು ವ್ಯಾನಿಲಿನ್ ಮತ್ತು ಸಲ್ಫ್ಯೂರಿಕ್ ಆಮ್ಲದ ವಿಧಾನ ರೂಢಿಯಲ್ಲಿದೆ. ಮಾದರಿ 0.25 ಮಿಲಿ, ಎಥನಾಲ್‌ನಲ್ಲಿ ಶೇ 8ರ ವ್ಯಾನಿಲಿನ್ 0.25 ಮಿಲಿ, ಮಂಜುಗಡ್ಡೆಯಲ್ಲಿಟ್ಟು ಶೇ 72ರ ಸಲ್ಫ್ಯೂರಿಕ್ ಆಮ್ಲ 2.5 ಮಿಲಿ. 60 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ತಣಿಸಿ, 544 ನ್ಯಾನೊಮೀಟರ್ ಸುತ್ತಲಿನ ಬೆಳಕಿನಲ್ಲಿ ಬಣ್ಣದ ಗಾಢತೆಯನ್ನು ಓದಿ. ಬೇರೆ ಟ್ರೈಟರ್ಪೀನ್‌ಗಳೂ ಸಕ್ಕರೆಗಳೂ ಇದರಲ್ಲಿ ಬಣ್ಣ ಕೊಡುವುದರಿಂದ ಕಚ್ಚಾ ಕಷಾಯದಲ್ಲಿ ಅಂಕಿ ಹೆಚ್ಚಾಗಿಯೇ ಬರುತ್ತದೆ.

ಪತ್ರಿಕೆಗಳಲ್ಲಿ, ಪೊಟ್ಟಣಗಳ ಮೇಲೆ ಅಂಟುವಾಳದ ಸಪೋನಿನ್ ಶೇಕಡಾ ಒಂದಕ್ಕೊಂದು ತಾಳೆಯಾಗದಿರಲು ಇನ್ನೊಂದು ಕಾರಣವೂ ಇದೆ, ಅದು ಬರೀ ಲೆಕ್ಕದ್ದು. ಹೆಡೆರಜೆನಿನ್‌ನ ಅಣುತೂಕ 472.7, ಸ್ಯಾಪಿಂಡೋಸೈಡ್ ಎ 751, ಬಿ 883. ಒಂದೇ ಮಾದರಿಯನ್ನು ಹೆಡೆರಜೆನಿನ್ ಲೆಕ್ಕದಲ್ಲಿ ಶೇ 6 ಎಂದು ಬರೆದರೆ, ಸ್ಯಾಪಿಂಡೋಸೈಡ್ ಬಿ ಲೆಕ್ಕದಲ್ಲಿ ಶೇ 11.2 ಆಗುತ್ತದೆ. ಯಾವುದರ ಲೆಕ್ಕ ಎಂದು ಬರೆಯದ ಶೇಕಡಾವಾರಿಗೆ ಬೆಲೆ ಕೊಡಬೇಡಿ.

ಅಣುವನ್ನು ಒಡೆದು ನೋಡಬೇಕಿದ್ದರೆ 1 ಗ್ರಾಂ ಕಚ್ಚಾ ಸಪೋನಿನ್ ಅನ್ನು 25 ಮಿಲಿ 2 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ, ಅರ್ಧ ಮೆಥನಾಲ್ ಅರ್ಧ ನೀರು ಇರುವಂತೆ ಮಾಡಿಕೊಂಡು, ಮೂರು ನಾಲ್ಕು ಗಂಟೆ ಮರುಹರಿವಿನಲ್ಲಿ (ಆವಿ ತಣಿದು ಮತ್ತೆ ಬುರುಡೆಗೇ ಬೀಳುವಂತೆ) ಕಾಯಿಸಿ. ಮೆಥನಾಲ್ ಬತ್ತಿಸಿ ತಣಿಸಿದಾಗ ಬೀಳುವ ಒತ್ತರವೇ ಹೆಡೆರಜೆನಿನ್. ನೊರೆ ಸಂಪೂರ್ಣ ನಿಂತುಹೋಗಿರುವುದೇ ಕ್ರಿಯೆ ಮುಗಿದ ಗುರುತು.

ಔಷಧೀಯ ಗುಣಗಳು: ಯಾವುದಕ್ಕೆ ಎಷ್ಟು ಆಧಾರ

ಹೆಚ್ಚು ದೂರ ಸಾಗಿದ ಕೆಲಸವೆಂದರೆ ವೀರ್ಯಾಣುನಾಶಕ ಗುಣದ್ದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮುಕೊರೊಸ್ಸಿಯ ಸಪೋನಿನ್‌ಗಳಿಂದ ಕಾನ್ಸ್ಯಾಪ್ ಎಂಬ ಗರ್ಭನಿರೋಧಕ ಕ್ರೀಮನ್ನು ರೂಪಿಸಿತು. ಸಪೋನಿನ್ ವೀರ್ಯಾಣುವಿನ ಪೊರೆಯನ್ನು ಒಡೆಯುತ್ತದೆ. ಅದೇ ಅಣು ಯೋನಿಯ ಒಳಪೊರೆಗೂ ತಾಗುವುದರಿಂದ ಕ್ರೀಮಿನ ಸಾಂದ್ರತೆಯನ್ನು ಪರೀಕ್ಷಿಸಿ ನಿಗದಿಪಡಿಸಬೇಕಾಗುತ್ತದೆ. ಮನೆಯಲ್ಲಿ ಮಾಡಿದ ಕಷಾಯ ಅದಕ್ಕೆ ಯಾವ ರೀತಿಯಲ್ಲೂ ಬದಲಿಯಲ್ಲ, ಹಾನಿಯೇ ಹೆಚ್ಚು.

ಗಜಕರ್ಣ ತರುವ ಟ್ರೈಕೊಫೈಟಾನ್ ಜಾತಿಗಳು, ಕ್ಯಾಂಡಿಡಾ ಯೀಸ್ಟ್ ಇವುಗಳ ಮೇಲೆ ಸಪೋನಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಪರಿಣಾಮ ತೋರಿಸಿದೆ. ತಲೆಹೊಟ್ಟಿಗೂ ನೆತ್ತಿಯ ತುರಿಕೆಗೂ ಅಂಟುವಾಳ ಹಿತವೆನಿಸಲು ಇದೊಂದು ಕಾರಣವಿರಬಹುದು. ಆದರೆ ತಟ್ಟೆಯಲ್ಲಿ ಶಿಲೀಂಧ್ರ ದ್ರಾವಣದಲ್ಲಿ ಮುಳುಗಿ ಗಂಟೆಗಟ್ಟಲೆ ಇರುತ್ತದೆ, ತಲೆ ತೊಳೆದಾಗ ಸಪೋನಿನ್ ಚರ್ಮದ ಮೇಲಿರುವುದು ಎರಡು ಮೂರು ನಿಮಿಷ. ಹಬ್ಬುತ್ತಿರುವ ಗಜಕರ್ಣಕ್ಕೆ ವೈದ್ಯರ ಮುಲಾಮೇ ಸರಿ.

ಆಯುರ್ವೇದದಲ್ಲಿ ಅರಿಷ್ಟಕವೆಂಬ ಹೆಸರಿನ ಇದಕ್ಕೆ ವಾಂತಿ ತರಿಸುವ ಗುಣ ಹೇಳಿದ್ದಾರೆ, ಅರೆತಲೆನೋವಿಗೆ ಮೂಗಿಗೆ ಹನಿ ಬಿಡುವ ಪದ್ಧತಿಯೂ ಇದೆ. ಟ್ರೈಫೋಲಿಯೇಟಸ್‌ನ ನೀರಿನ ಸಾರವನ್ನು ಅರೆತಲೆನೋವಿನ ದೃಷ್ಟಿಯಿಂದ ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೂ ಉಂಟು. ತರಬೇತಿಯಾದ ವೈದ್ಯರ ಕೈಯಲ್ಲಲ್ಲದೆ ಮೂಗಿಗೆ ಹಾಕಿಕೊಳ್ಳುವುದು ಬೇಡ. ದೂಳಿಗೇ ಉರಿಯುವ ಒಳಪೊರೆ ಕಷಾಯಕ್ಕೆ ಸುಮ್ಮನಿರುವುದಿಲ್ಲ. ಹಾವು ಚೇಳು ಕಡಿದಾಗ ಅಂಟುವಾಳ ಕುಡಿಸುವುದಂತೂ ಆಸ್ಪತ್ರೆ ತಲುಪುವ ಅಮೂಲ್ಯ ಸಮಯವನ್ನು ಕಳೆಯುವುದಷ್ಟೇ.

ಸ್ಯಾಪಿಂಡೋಸೈಡ್ ಎ ಮತ್ತು ಐವಿ ಬಳ್ಳಿಯ ಆಲ್ಫಾ ಹೆಡೆರಿನ್ ಒಂದೇ ಅಣು. ಐವಿ ಎಲೆಯ ಸಾರ ಕಫ ಸಡಿಲಿಸುವ ಸಿರಪ್‌ಗಳಲ್ಲಿದೆ. ಹಾಗಾದರೆ ಅಂಟುವಾಳವನ್ನೂ ಕೆಮ್ಮಿಗೆ ಕುಡಿಯಬಹುದಲ್ಲ ಎಂಬ ತರ್ಕ ಅಪಾಯಕಾರಿ. ಐವಿ ಎಲೆಯಲ್ಲಿ ಮುಖ್ಯವಾಗಿರುವುದು ಎರಡು ಕಡೆ ಸಕ್ಕರೆಯುಳ್ಳ ಹೆಡೆರಕೊಸೈಡ್ ಸಿ. ಅಲ್ಲಿ ಸಾರದ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ನಿಗದಿಯಾಗಿರುತ್ತದೆ. ಅಂಟುವಾಳದ ಒಂದು ಲೋಟ ಕಷಾಯದಲ್ಲಿ ಒಂದೇ ಕಡೆ ಸಕ್ಕರೆಯುಳ್ಳ, ಹೆಚ್ಚು ಕಟುವಾದ ರೂಪ ಗ್ರಾಂ ಲೆಕ್ಕದಲ್ಲಿರುತ್ತದೆ. ಹೊಟ್ಟೆಯುರಿ, ವಾಂತಿ, ಭೇದಿ ಖಚಿತ.

ಆಲ್ಫಾ ಹೆಡೆರಿನ್ ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ವರದಿಗಳನ್ನೂ ಇದೇ ಎಚ್ಚರದಿಂದ ಓದಬೇಕು. ಪೊರೆ ಒಡೆಯುವ ಅಣು ಆರೋಗ್ಯವಂತ ಕೋಶವನ್ನೂ ಒಡೆಯುತ್ತದೆ. ಸಪೋನಿನ್ ಮದ್ದಾಗುವ ದಾರಿ ಬೇರೆ. ಕ್ವಿಲ್ಲಾಜಾ ಮರದ ತೊಗಟೆಯಿಂದ ಒಂದು ಅಂಶವನ್ನಷ್ಟೇ ಶುದ್ಧೀಕರಿಸಿ, ಸರ್ಪಸುತ್ತಿನ ವಿರುದ್ಧದ ಶಿಂಗ್ರಿಕ್ಸ್ ಲಸಿಕೆಯ ಪ್ರತಿ ಡೋಸ್‌ಗೆ 50 ಮೈಕ್ರೊಗ್ರಾಂ ಸೇರಿಸಲಾಗುತ್ತದೆ. ಅದರ ಕಟುತನ ತಗ್ಗಿಸಲು ಕೊಲೆಸ್ಟರಾಲ್ ಇರುವ ಲೈಪೊಸೋಮ್‌ಗಳೊಳಗೆ (ಕೊಬ್ಬಿನ ಪೊರೆಯ ಸೂಕ್ಷ್ಮ ಗುಳ್ಳೆಗಳೊಳಗೆ) ಕೂರಿಸುತ್ತಾರೆ.

ಹೊರಬಳಕೆಯ ಹದ

ತಲೆಗೆ: ಮೇಲಿನ ಕಷಾಯಕ್ಕೆ ಅಷ್ಟೇ ನೀರು ಬೆರೆಸಿ. ಮೊದಲ ಬಾರಿಗೆ ಬಳಸುವವರು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ, ಕೆಂಪಾದರೆ ಅಥವಾ ತುರಿಸಿದರೆ ಬಿಟ್ಟುಬಿಡಿ. ತಲೆ ಹಿಂದಕ್ಕೆ ಬಾಗಿಸಿ ಹಚ್ಚಿ, ಮೂರು ನಿಮಿಷದೊಳಗೆ ಚೆನ್ನಾಗಿ ತೊಳೆಯಿರಿ. ಗಾಯ, ಕೆರೆದ ಗುರುತು ಇರುವ ನೆತ್ತಿಗೆ ಬೇಡ. ಕೂದಲು ಒರಟಾದರೆ ಕಷಾಯ ಗಟ್ಟಿಯಾಗಿದೆ ಎಂದರ್ಥ, ಇನ್ನಷ್ಟು ನೀರು ಬೆರೆಸಿ.

ಬಟ್ಟೆಗೆ: ರೇಷ್ಮೆ, ಉಣ್ಣೆಗೆ ಅಂಟುವಾಳ ನಿಜಕ್ಕೂ ಶ್ರೇಷ್ಠ. ಅವು ಪ್ರೋಟೀನ್ ನಾರುಗಳು, ಕ್ಷಾರೀಯ ಸಾಬೂನಿಗೆ ಹಾಳಾಗುತ್ತವೆ, ತುಸು ಆಮ್ಲೀಯವಾದ ಈ ಕಷಾಯಕ್ಕೆ ಆಗುವುದಿಲ್ಲ. ಉಗುರುಬೆಚ್ಚಗಿನ ನೀರು ಬಕೆಟ್‌ಗೆ 100ರಿಂದ 150 ಮಿಲಿ ಸಾಕು. ಬಿಳಿ ಬಟ್ಟೆಗೆ ಟ್ಯಾನಿನ್‌ನ ಕಂದು ಛಾಯೆ ಹತ್ತಬಹುದು. ಎಣ್ಣೆ ಜಿಡ್ಡಿನ ಕಲೆಗೆ ಇದು ಕೃತಕ ಡಿಟರ್ಜೆಂಟ್‌ಗೆ ಸಮನಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಅಪಘಾತವಾದರೆ, ಮತ್ತು ಉಳಿದದ್ದನ್ನು ಚೆಲ್ಲುವಾಗ

ಕಣ್ಣಿಗೆ ಬಿದ್ದರೆ ತೀವ್ರ ಉರಿ, ಕಾರ್ನಿಯಾದ ಮೇಲ್ಪದರಕ್ಕೆ ಹಾನಿಯಾಗಬಲ್ಲದು. ರೆಪ್ಪೆ ಬಿಡಿಸಿ ಹಿಡಿದು ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ನೋವು, ಮಬ್ಬು, ಬೆಳಕು ಸಹಿಸದಿರುವುದು ಉಳಿದರೆ ಕಣ್ಣಿನ ವೈದ್ಯರಲ್ಲಿಗೆ ಅಂದೇ ಹೋಗಿ. ಮಗು ಕಷಾಯ ಕುಡಿದರೆ ಬಾಯಿ ತೊಳೆಸಿ, ವಾಂತಿ ಮಾಡಿಸಬೇಡಿ. ನೊರೆ ಶ್ವಾಸಕೋಶಕ್ಕೆ ಇಳಿಯುವುದು ಹೊಟ್ಟೆಯಲ್ಲಿರುವುದಕ್ಕಿಂತ ಕೆಟ್ಟದ್ದು. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ.

ಉಳಿದ ಕಷಾಯವನ್ನು ಕೆರೆ, ತೊರೆ, ಮೀನಿನ ತೊಟ್ಟಿಗೆ ಸೇರುವ ಕಾಲುವೆಗೆ ಚೆಲ್ಲಬೇಡಿ. ಮೀನಿನ ಕಿವಿರಿನ ಪೊರೆ ಬಹಳ ತೆಳು. ಮನುಷ್ಯನ ಚರ್ಮಕ್ಕೆ ಏನೂ ಅನಿಸದಷ್ಟು ತೆಳುವಾದ ದ್ರಾವಣವೂ ಅದನ್ನು ಕೆಡಿಸುತ್ತದೆ. ಗದ್ದೆಯ ಬಸವನಹುಳುಗಳನ್ನು ಸಪೋನಿನ್‌ನಿಂದ ಕೊಲ್ಲಲು ಸಾಧ್ಯವಾಗುವುದೂ ಇದೇ ಕಾರಣಕ್ಕೆ. ನೀರಿನ ಮೂಲದಿಂದ ದೂರದ ಮಣ್ಣಿಗೆ ಸುರಿದರೆ ಸೂಕ್ಷ್ಮಜೀವಿಗಳು ಸಕ್ಕರೆ ಸರಪಳಿಯಿಂದ ಶುರುಮಾಡಿ ಅಣುವನ್ನು ಕ್ರಮೇಣ ಒಡೆದುಹಾಕುತ್ತವೆ. ಹಿಂಡಿದ ಚರಟ ಗೊಬ್ಬರದ ಗುಂಡಿಗೆ ಹೋಗಲಿ, ಆದರೆ ಎರೆಹುಳು ತೊಟ್ಟಿಗೆ ಹಾಕಬೇಡಿ. ಪ್ರಯೋಗಾಲಯದ ಬ್ಯೂಟನಾಲ್, ಹೆಕ್ಸೇನ್‌ಗಳನ್ನು ಬೇರೆ ಡಬ್ಬಿಯಲ್ಲಿಯೂ, ಕ್ಲೋರೊಫಾರ್ಮ್ ಇರುವುದನ್ನು ಹ್ಯಾಲೊಜನ್ ತ್ಯಾಜ್ಯದ ಪ್ರತ್ಯೇಕ ಡಬ್ಬಿಯಲ್ಲಿಯೂ ಹೆಸರು, ದಿನಾಂಕ ಬರೆದು ಶೇಖರಿಸಿ. ಕ್ಲೋರೊಫಾರ್ಮ್ ಡಬ್ಬಿಗೆ ಅಸಿಟೋನ್ ಸೇರಿಸಬೇಡಿ, ಕ್ಷಾರದ ಅಂಶ ಸ್ವಲ್ಪ ಇದ್ದರೂ ಅವೆರಡು ಬಿಸಿಯೇರಿ ಸಿಡಿಯಬಲ್ಲವು.